ದಬ್ಬಳದ ಕಾಗದ

ಹರದನಹಳ್ಳಿಯ ಶಾಂತರಾಜುವನ್ನು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಯಾರೂ ಮಾತಾಡಿಸುವ ಹಾಗಿರಲಿಲ್ಲ. ಮಾತಾಡಿಸಿದರೆ ಅವನೇನೂ ಬೈಯುತ್ತಿರಲಿಲ್ಲ. ಒಂದು ಚುಕ್ಕಿ ಆಚೀಚೆ ಬಿದ್ದುಬಿಡುತ್ತಿತ್ತು, ಬಿದ್ದರೆ ಇಡೀ ಹಾಳೆಯನ್ನು ಹರಿದು ಮೊದಲಿನಿಂದ ಶುರು ಮಾಡುತ್ತಿದ್ದ, ಅಷ್ಟೇ. ಇದು ಗೊತ್ತಿದ್ದ ಅವನ ತಾಯಿ ಮಲ್ಲಾಜಮ್ಮ, ಮಗ ಜಗಲಿಯ ಮೇಲೆ ಗೋಣಿಚೀಲ ಮಡಿಸಿ ಹಾಸಿಕೊಂಡು ಕೂತದ್ದು ಕಂಡರೆ ಸಾಕು, ಬೀದಿಯಲ್ಲಿ ಸುಮ್ಮನೆ ಹೋಗುತ್ತಿದ್ದವರನ್ನೂ ಕೈ ಆಡಿಸಿ ಆ ಕಡೆಗೆ ಓಡಿಸಿಬಿಡುತ್ತಿದ್ದಳು.

ಗೋಣಿಚೀಲದ ಮೇಲೆ ಹಳೇ ಗೋಡೆ ಕ್ಯಾಲೆಂಡರಿನ ಒಂದು ದಪ್ಪ ಹಾಳೆ, ಪಕ್ಕದಲ್ಲಿ ಶಾಲೆಯವರು ಕೊಟ್ಟ ಒಂದು ರಟ್ಟು, ಕೈಯಲ್ಲಿ ಮೂಟೆ ಹೊಲಿಯುವ ದಬ್ಬಳ. ರಟ್ಟಿನ ಮೇಲೆ ಅಕಾರದಿಂದ ಹಿಡಿದು ಎಲ್ಲ ಅಕ್ಷರಗಳೂ ಇದ್ದವು. ಒಂದೊಂದರ ಎದುರಿಗೂ ಕಪ್ಪು ಚುಕ್ಕಿಗಳು. ಕಣ್ಣು ಕಾಣದವರು ಬೆರಳಿನಲ್ಲಿ ಓದುವ ಬ್ರೈಲ್ ಅಕ್ಷರ ಅವು. ಶಾಂತರಾಜು ಬರೆಯುತ್ತಿದ್ದುದು ತನ್ನ ಒಂಬತ್ತು ವರ್ಷದ ಮಗ ಶಂಕರನಿಗೆ. ಹುಟ್ಟಿದಾಗಿನಿಂದ ಕಣ್ಣು ಕಾಣದ ಶಂಕರ, ಜೂನ್ ತಿಂಗಳಿನಿಂದ ಧಾರವಾಡದ ಹತ್ತಿರ ಅಂಥ ಮಕ್ಕಳಿಗೆಂದೇ ಇರುವ ಒಂದು ಶಾಲೆಯ ಹಾಸ್ಟೆಲಿನಲ್ಲಿದ್ದ. ಹರದನಹಳ್ಳಿಯಿಂದ ಅಲ್ಲಿಗೆ ಮೂರು ಬಸ್ಸು ಬದಲಾಯಿಸಬೇಕು.

ಮನೆಮನೆಗೂ ಫೋನಿರುವ ಈ ಕಾಲದಲ್ಲಿ ಕಾಗದವೇಕೆ ಎಂದು ಕೇಳಿದರೆ, ಫೋನೂ ಇತ್ತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಾಸ್ಟೆಲಿನ ವಾರ್ಡನ್ ಮಗುವಿನ ಕೈಗೆ ಫೋನು ಕೊಡುತ್ತಿದ್ದರು. ಅವ್ವ ಕುಮಾರಿ ಕೇಳಿದ್ದಕ್ಕೆ ಹುಡುಗ ‘ಹೂಂ’, ‘ಉಂಡೆ’ ಎನ್ನುವಷ್ಟಾದರೂ ಹೇಳುತ್ತಿದ್ದ. ಫೋನು ಅಪ್ಪನ ಕೈಗೆ ಬಂತೆಂದರೆ ಆ ಕಡೆಯಿಂದ ಬರೀ ಉಸಿರು. ಒಂದು ಮಾತಿಲ್ಲ. ಹದಿನಾಲ್ಕು ಭಾನುವಾರ ಶಾಂತರಾಜು ಆ ಉಸಿರನ್ನೇ ಕೇಳಿಸಿಕೊಂಡು, ‘ಸರಿ ಕಣ್ಲಾ ಮೊಗ, ಮಡುಗ್ತೀನಿ’ ಎಂದು ಫೋನು ಇಟ್ಟಿದ್ದ.

ಹುಡುಗನ ಸಿಟ್ಟಿಗೆ ಕಾರಣವಿತ್ತು. ಆ ಕಾರಣ ಶಾಂತರಾಜುವಿನ ಕಾಲಿನಲ್ಲೇ ಇತ್ತು.

ಅವನ ಎಡಗಾಲಿನ ಚಪ್ಪಲಿಯ ಪಟ್ಟಿ ಎಂದೋ ಕಿತ್ತುಹೋಗಿ, ತಂತಿ ಹಾಕಿ ಬಿಗಿದು, ನಡೆಯುವಾಗ ಆ ಕಾಲು ಸ್ವಲ್ಪ ಎಳೆಯುತ್ತಿತ್ತು. ಟಪ್, ಸರ್. ಟಪ್, ಸರ್. ಸಂಜೆ ಅವನು ಕೆಲಸದಿಂದ ಬರುವಾಗ ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಶಂಕರ ಜಗಲಿಯಿಂದ ‘ಅಪ್ಪ ಬಂತು’ ಎನ್ನುತ್ತಿದ್ದ. ಕಣ್ಣಿರುವವರೆಲ್ಲರಿಗಿಂತ ಮೊದಲು ಅವನಿಗೇ ಅಪ್ಪ ಕಾಣುತ್ತಿದ್ದುದು. ಕುಮಾರಿ ಎಷ್ಟು ಸಲ ಹೊಸ ಚಪ್ಪಲಿ ತನ್ನಿ ಎಂದರೂ ಶಾಂತರಾಜು ತರದಿದ್ದುದು ಜಿಪುಣತನಕ್ಕಲ್ಲ.

ಜೂನಿನಲ್ಲಿ ಶಾಲೆಗೆ ಸೇರಿಸಿದ ದಿನ ಹುಡುಗ ಹಾರ್ಮೋನಿಯಂ ಮುಂದೆ ಕೂತು ಒಂದೊಂದೇ ಸ್ವರದ ಮನೆ ಒತ್ತಿ ನೋಡುತ್ತಿದ್ದ. ವಾರ್ಡನ್ ಒಳ್ಳೆಯ ಮನುಷ್ಯ, ಕೆಟ್ಟದ್ದಕ್ಕೆ ಹೇಳಿದವರಲ್ಲ. ಮೆಲ್ಲಗೆ ಅಂದರು: “ಹೇಳಿ ಹೋದ್ರ ಭಾಳ ಅಳ್ತಾವ್ರೀ. ಆಡ್ಲಿಕತ್ತಾನ, ಈಗ ಸುಮ್ಮನ ಹೋಗಿಬಿಡ್ರಿ.” ಶಾಂತರಾಜುವಿಗೂ ಅದೇ ಸುಲಭವೆನ್ನಿಸಿತು. ಆದರೆ ಎರಡು ಹೆಜ್ಜೆ ಇಟ್ಟರೆ ಮಗನಿಗೆ ಗೊತ್ತಾಗಿಬಿಡುತ್ತದಲ್ಲ! ಬಗ್ಗಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಗೇಟಿನವರೆಗೂ ಬರಿಗಾಲಲ್ಲಿ, ತುದಿಗಾಲಲ್ಲಿ ನಡೆದ. ಗೇಟಿನಾಚೆ ರಸ್ತೆಗೆ ಬಂದ ಮೇಲೆಯೇ ಚಪ್ಪಲಿ ಕೆಳಗೆ ಹಾಕಿ ಮೆಟ್ಟಿಕೊಂಡ.

ಮನೆಗೆ ಬಂದು ಹೇಳಿದಾಗ ಕುಮಾರಿ ಅವನ ಮುಖವನ್ನೇ ನೋಡಿದಳು. “ಅಷ್ಟ್ ದೂರ ಕೈ ಇಡ್ಕಂಡ್ ಕರ್ಕಂಡೋಗಿ, ಕಳ್ಳನಂಗೆ ಬಂದ್ಬುಟ್ರಾ?” ಎಂದಳು. ಅಷ್ಟು ಹೇಳಿ ಒಳಗೆ ಹೋದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಈಗ ಅವನಿಗೆ ಉಳಿದದ್ದು ಶಾಲೆಯ ಆಫೀಸಿನಲ್ಲಿ ಕೊಟ್ಟಿದ್ದ ರಟ್ಟೊಂದೇ. ಅದನ್ನು ಕೊಡುವಾಗ ಅಲ್ಲಿನ ಮೇಷ್ಟ್ರು, “ಕಾಗದ ಬರೀರಿ. ಮನೀ ಕಾಗದ ಬರೋ ಮಕ್ಕಳು ಲಗೂ ಕಲೀತಾವ” ಎಂದಿದ್ದರು. ಶಾಂತರಾಜು ಏಳನೇ ಕ್ಲಾಸಿನವರೆಗೆ ಓದಿದವನು. ಚಾಮರಾಜನಗರದ ಆಚೆ ಕರಿಕಲ್ಲು ಕ್ವಾರಿಯಲ್ಲಿ ಹದಿನಾರು ವರ್ಷದಿಂದ ಡ್ರಿಲ್ಲಿಂಗ್ ಕೆಲಸ. ಬಂಡೆಯ ಮೇಲೆ ಬಣ್ಣದ ದಾರ ಹಿಡಿದು ಗೆರೆ ಹಾಕಿ, ಗೆರೆಯುದ್ದಕ್ಕೂ ಮಿಷನ್ನಿನಲ್ಲಿ ಕುಳಿ ಹೊಡೆಯಬೇಕು. ಕುಳಿಗೆ ಬೆಣೆ ಇಟ್ಟು ಬಡಿದರೆ ಕಲ್ಲು ಗೆರೆಗೆ ಸರಿಯಾಗಿ ಸೀಳಿಕೊಂಡು ಬಿಡಬೇಕು. ಶಾಂತರಾಜು ಹೊಡೆದ ಸಾಲನ್ನು ಮೇಸ್ತ್ರಿ ಹೊಸಬರನ್ನು ಕರೆದು ತೋರಿಸುತ್ತಿದ್ದ. ಅಂಥವನಿಗೆ ರಟ್ಟಿನ ಮೇಲಿನ ಚುಕ್ಕಿಗಳನ್ನು ನೋಡಿ ಧೈರ್ಯವೇ ಬಂತು. ಇದು ನನಗೆ ಗೊತ್ತಿರುವ ಕೆಲಸವೇ ಅಂದುಕೊಂಡ. ಕಲ್ಲಿಗೆ ಹೊಡೆಯುವುದನ್ನು ಕಾಗದಕ್ಕೆ ಹೊಡೆಯಬೇಕು, ಅಷ್ಟೇ ತಾನೇ?

ಒಂದೇ ತೊಡಕು. ಹದಿನಾರು ವರ್ಷ ಆ ಮಿಷನ್ನಿನ ಅದುರಾಟ ಹೊಕ್ಕು ಅವನ ಬೆರಳ ತುದಿಗಳು ಮರಗಟ್ಟಿಹೋಗಿದ್ದವು. ಕಾಫಿ ಲೋಟದ ಬಿಸಿಯೂ ತಿಳಿಯುತ್ತಿರಲಿಲ್ಲ. ಹಾಗಾಗಿ ತಾನು ಹೊಡೆದ ಕುಳಿಗಳನ್ನು ಕಣ್ಣಿನಿಂದ ನೋಡಿ, ರಟ್ಟಿಗೆ ಹೋಲಿಸಿ, ಸರಿಯಾಗಿದೆ ಎಂದು ತಲೆದೂಗುತ್ತಿದ್ದನೇ ಹೊರತು ಮುಟ್ಟಿ ನೋಡುವ ಯೋಚನೆಯೇ ಅವನಿಗೆ ಬರಲಿಲ್ಲ.

ಮೊದಲ ಕಾಗದಕ್ಕೆ ಮೂರು ಭಾನುವಾರ ಹಿಡಿಯಿತು. ಅದರಲ್ಲಿದ್ದುದು ಇಷ್ಟು: ‘ಶಂಕರಾ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಂದೆ. ತಪ್ಪಾಯಿತು. ಅಪ್ಪ.’

ಅದನ್ನು ಹಿಡಿದು ಪೋಸ್ಟಾಫೀಸಿಗೆ ಹೋದಾಗ ಪೋಸ್ಟ್ ಮಾಸ್ಟರ್ ಮಹದೇವಸ್ವಾಮಿ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಕೊಟ್ಟ ಸ್ಟಾಂಪನ್ನು ಹಿಂದಕ್ಕೆ ತಳ್ಳಿದರು. “ಇದ್ಕೆ ಸ್ಟಾಂಪ್ ಬ್ಯಾಡ ಕಣಯ್ಯ. ಕಣ್ಣಿಲ್ದೋರ ಕಾಗ್ದನ ಪೋಸ್ಟ್ನೋರು ಸುಮ್ನೇ ತಕ್ಕಂಡೋಯ್ತಾರೆ. ಕವರ್ ಮಾತ್ರ ಅಂಟಿಸ್ಬ್ಯಾಡ.” ಮಾರನೇ ವಾರ ತಮ್ಮ ಮನೆಯ ಹಳೇ ಕ್ಯಾಲೆಂಡರುಗಳನ್ನೆಲ್ಲ ಸುತ್ತಿ ತಂದುಕೊಟ್ಟರು. ಹಾಳೆ ದಪ್ಪ ಇರಲಿ, ಮಡಿಕೆ ಬೀಳದೇ ಇರಲಿ ಎಂದು ಎರಡು ರಟ್ಟಿನ ನಡುವೆ ಇಟ್ಟು ದಾರ ಕಟ್ಟುವುದನ್ನೂ ಅವರೇ ತೋರಿಸಿದರು. ತನ್ನ ಮಗನ ಕಾಗದಕ್ಕೆ ಊರಲ್ಲಿ ಇನ್ನೊಬ್ಬರು ದಾರ ಕಟ್ಟುತ್ತಿದ್ದಾರಲ್ಲ ಎಂದು ಶಾಂತರಾಜು ಆ ದಾರದ ಗಂಟನ್ನೇ ನೋಡುತ್ತ ನಿಂತ.

ಎರಡನೇ ಕಾಗದದಲ್ಲಿ ಕೆಂದ ಹಸು ಕರು ಹಾಕಿದ ಸುದ್ದಿ. ಮೂರನೆಯದರಲ್ಲಿ ಅಜ್ಜಿ ಪಕ್ಕದ ಮನೆ ಈರಮ್ಮನ ಮೇಲೆ ಕೋಳಿಯ ವಿಷಯಕ್ಕೆ ಜಗಳಕ್ಕೆ ಹೋಗಿ, ಜಗಳ ಮುಗಿಯುವ ಹೊತ್ತಿಗೆ ಅವರ ಮನೆಯಲ್ಲೇ ಉಂಡು ಬಂದದ್ದು. ಆಮೇಲೆ ಕ್ವಾರಿಯಲ್ಲಿ ಕಲ್ಲು ಬಿಟ್ಟಾಗ ಯಾವ ಥರ ಸದ್ದು ಬಂತು ಎಂದು. ಹೀಗೆ ಎಂಟು. ಸುದ್ದಿ ಯಾವುದೇ ಇರಲಿ, ಕೊನೆಗೆ ‘ತಪ್ಪಾಯಿತು’ ಎಂದು ಹೊಡೆಯದೆ ಅವನು ದಬ್ಬಳ ಕೆಳಗಿಡುತ್ತಿರಲಿಲ್ಲ.

ಒಂದಕ್ಕೂ ಉತ್ತರ ಬರಲಿಲ್ಲ. ಕುಮಾರಿ ಫೋನಿನಲ್ಲಿ “ಅಪ್ಪನ್ ಕಾಗ್ದ ಬಂತೇನ್ಲಾ?” ಎಂದರೆ “ಬಂತು” ಎನ್ನುತ್ತಿದ್ದ. “ಏನ್ ಬರ್ದಿದ್ರು?” ಎಂದರೆ ಮತ್ತೆ ಉಸಿರು.

ಕಡೆಗೊಂದು ದಿನ ಕುಮಾರಿ ತಡೆಯಲಾರದೆ ಹೇಳಿಬಿಟ್ಟಳು. “ದಸರಾ ರಜಕ್ಕೆ ಕರ್ಕಂಡ್ ಬತ್ತೀವಲ್ಲ, ಅಲ್ಲೀಗಂಟ ನೋಡ್ತೀನಿ. ಅಷ್ಟ್ರಲ್ಲಿ ಮೊಗ ನಿಮ್ ಜೊತ್ಗೆ ಒಂದ್ ಮಾತಾಡ್ನಿಲ್ಲ ಅಂದ್ರೆ ಮತ್ತೆ ಕಳ್ಸಕಿಲ್ಲ. ಅಪ್ಪನ್ನೇ ಬ್ಯಾಡ ಅನ್ನಂಗ್ ಮಾಡೋ ಓದು ನಂಗ್ ಬ್ಯಾಡ. ನನ್ ಸೆರಗ್ ಇಡ್ಕಂಡೇ ಇರ್ಲಿ ಬುಡಿ.”

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಶಾಂತರಾಜುವಿಗೆ ಹಿಂದಲ ಬೀದಿಯ ದೊಡ್ಡಯ್ಯ ಕಣ್ಣ ಮುಂದೆ ಬಂದ. ದೊಡ್ಡಯ್ಯನೂ ಹುಟ್ಟು ಕುರುಡ. ಅವನ ಅವ್ವನೂ ಸೆರಗು ಹಿಡಿಸಿಯೇ ಬೆಳೆಸಿದ್ದಳು. ಅವ್ವ ಹೋದಳು, ಅರವತ್ತು ದಾಟಿದ ದೊಡ್ಡಯ್ಯ ಇವತ್ತಿಗೂ ಯಾರಾದರೂ ಎಬ್ಬಿಸಿದರೆ ಏಳುತ್ತಾನೆ, ಕೂರಿಸಿದ ಕಡೆ ಕೂರುತ್ತಾನೆ. ಶಂಕರ ಹಾಗಾಗಬಾರದು ಎಂದೇ ಅಲ್ಲವೇ ಅಷ್ಟು ದೂರ ಬಿಟ್ಟು ಬಂದದ್ದು? ಅದನ್ನು ಹೆಂಡತಿಗೆ ಹೇಳಬೇಕೆಂದರೆ, ಚಪ್ಪಲಿ ಕೈಯಲ್ಲಿ ಹಿಡಿದು ಬಂದವನಿಗೆ ದೊಡ್ಡ ಮಾತಾಡುವ ಮುಖ ಎಲ್ಲಿಂದ ಬರಬೇಕು?

ಒಂಬತ್ತನೇ ಕಾಗದ ತೆಗೆದುಕೊಂಡು ಹೋದ ದಿನ ಮಹದೇವಸ್ವಾಮಿ ದಾರ ಕಟ್ಟಲಿಲ್ಲ. “ಅಲ್ಲ ಕಣಯ್ಯ, ನೀ ಬರೀತಿರೋದು ಸರಿಯಾ ತಪ್ಪಾ ಅಂತ ಗೊತ್ತಿರೋರ್ಗೆ ಒಂದ್ ದಿನನಾರ ತೋರ್ಸಿದ್ದೀಯಾ?” ಎಂದರು. ಶಾಂತರಾಜು ಇಲ್ಲವೆಂದ. “ಗುಂಡ್ಲುಪೇಟೆಲಿ ಶಂಭುಲಿಂಗಪ್ಪ ಅಂತ ಸಂಗೀತದ ಮೇಷ್ಟ್ರು ಅವ್ರೆ. ಅವ್ರಿಗೂ ಕಣ್ ಕಾಣಕಿಲ್ಲ. ಬಸ್ ಸ್ಟ್ಯಾಂಡ್ ಹಿಂದೆ ಹಾರ್ಮೋನಿಯಂ ಮೇಷ್ಟ್ರ ಮನೆ ಅಂದ್ರೆ ಯಾರಾರ ತೋರುಸ್ತಾರೆ. ಓಗಿ ಒಂದ್ಸತಿ ಕೇಳು.”

ಆ ಭಾನುವಾರ ಶಾಂತರಾಜು ಚಾಮರಾಜನಗರಕ್ಕೆ ಬಂದು ಗುಂಡ್ಲುಪೇಟೆ ಬಸ್ಸು ಹತ್ತಿದ. ತೆರಕಣಾಂಬಿ ದಾಟಿದ ಮೇಲೆ ರಸ್ತೆಯ ಎರಡು ಕಡೆಯೂ ಚೆಂಡುಹೂವಿನ ಹೊಲ, ಹೊಲದ ಬದಿಯಲ್ಲಿ ಕೇರಳದ ಲಾರಿಗಳು. ಅವನು ಒಂದನ್ನೂ ನೋಡಲಿಲ್ಲ. ಕಾಗದ ಮಡಿಕೆ ಬೀಳದಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.

ಶಂಭುಲಿಂಗಪ್ಪ ಮೇಷ್ಟ್ರಿಗೆ ಎಪ್ಪತ್ತರ ಮೇಲಾಗಿತ್ತು. ಹಣೆಯ ತುಂಬ ವಿಭೂತಿ, ಒಗೆದ ಬಿಳೀ ಜುಬ್ಬ. ಪಾಠ ಮುಗಿಸಿ ಮಕ್ಕಳನ್ನು ಕಳಿಸಿ, ಚಾಪೆಯ ಮೇಲೆ ಕೂತು ಕಾಗದಕ್ಕೆ ಕೈ ಚಾಚಿದರು. ತೋರುಬೆರಳು ಹಾಳೆಯ ಮೇಲೆ ಒಂದು ಸಾಲು ಓಡಿತು. ನಿಂತಿತು. ಮತ್ತೆ ಓಡಿತು. ಮೇಷ್ಟ್ರ ಹುಬ್ಬು ಗಂಟಾಯಿತು.

“ಯಾವ್ ಭಾಷೆನಪ್ಪಾ ಇದು?”

“ಕನ್ನಡನೇ ಮೇಷ್ಟ್ರೆ” ಎಂದ ಶಾಂತರಾಜು.

“ನಂಗ್ ಗೊತ್ತಿರೋ ಕನ್ನಡ ಅಲ್ಲ ಕಣಪ್ಪ.” ಮೇಷ್ಟ್ರು ಹಾಳೆಯ ಎರಡು ಕಡೆಯೂ ಸವರಿ ನೋಡಿದರು. ಆಮೇಲೆ ಬೊಚ್ಚು ಬಾಯಿ ತೆರೆದು ನಕ್ಕರು. “ಓಹೋ! ನೀನು ಕುಳಿನ ಅಕ್ಷರ ಅನ್ಕಂಡಿದ್ದೀಯ. ನಾವ್ ಓದೋದು ಕುಳಿನಲ್ಲಪ್ಪ, ಉಬ್ಬನ್ನ. ಈ ಕಡೆಯಿಂದ ಚುಚ್ಚಿದ್ರೆ ಆ ಕಡೆ ಉಬ್ಬು ಏಳ್ತದೆ. ಹಾಳೆ ಮಗುಚಿ ಆ ಕಡೆಯಿಂದ ಮುಟ್ಟಿದ್ರೆ ಎಡದಲ್ಲಿರೋದು ಬಲಕ್ಕೋಗ್ತದೆ. ಕನ್ನಡಿಲಿ ನೋಡ್ದಂಗೆ ಅಂತಾರೆ. ನಾನು ಕನ್ನಡಿ ನೋಡಿಲ್ಲ, ಕೇಳಿದ್ದು ಹೇಳ್ತಾ ಇದೀನಿ. ಅದ್ಕೇ ನಾವು ಬರೆಯೋವಾಗ ಬಲದಿಂದ ಎಡಕ್ಕೆ, ಎಲ್ಲಾನೂ ತಿರುಗಿಸಿ ಚುಚ್ತೀವಿ. ಮಗುಚಿದಾಗ ಸರಿಯಾಗ್ತದೆ.”

ಶಾಂತರಾಜುವಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಕೂತಲ್ಲೇ ಕುಗ್ಗಿಹೋದ.

“ಅಂಗಾರೆ ಎಂಟು ಕಾಗ್ದನೂವೆ...”

“ಯಾರ್ ಕೈಲೂ ಓದಕ್ಕಾಗಿರಲ್ಲ. ಈಗಿನ್ನೂ ಕಲೀತಿರೋ ಮಗು ಕೈಲಂತೂ ಇಲ್ಲ.” ಮೇಷ್ಟ್ರು ಕೈ ಚಾಚಿ ಅವನ ಕೈ ಹುಡುಕಿ ಹಿಡಿದರು. “ಒಂದ್ಸಲ ಬೆರಳಾಡಿಸಿದ್ರೆ ನಿಂಗೇ ತಿಳೀತಿತ್ತಲ್ಲಪ್ಪ...” ಎನ್ನುತ್ತಿದ್ದವರು ಆ ಬೆರಳ ತುದಿಗಳನ್ನು ಒತ್ತಿ ನೋಡಿ, ಕಲ್ಲಿನ ಕೆಲಸವೇ ಎಂದು ಕೇಳಿದರು. ಹೌದು ಎಂದ. ಅವನಿಗೆ ಅಳು ಬಂದುಬಿಟ್ಟಿತ್ತು. ಕಾಣದವರ ಎದುರಿಗೆ ಮುಚ್ಚಿಡಬಹುದು ಎಂದುಕೊಂಡಿದ್ದ. ಮೇಷ್ಟ್ರು ಆ ಕೈಯನ್ನು ಬಿಡಲೇ ಇಲ್ಲ.

ಆಮೇಲೆ ಎದ್ದು ಹೋಗಿ ಪೆಟ್ಟಿಗೆಯಿಂದ ಒಂದು ಹಿತ್ತಾಳೆಯ ಪಟ್ಟಿ ತಂದರು. ಸಾಲುಸಾಲು ಪುಟ್ಟ ಕಿಂಡಿಗಳು, ಕಿಂಡಿಗೆ ಆರಾರು ಚುಕ್ಕಿಯ ಜಾಗ. ಜೊತೆಗೆ ಮರದ ಹಿಡಿಯ ಒಂದು ಸಣ್ಣ ಮೊಳೆ. “ನಾನು ಹುಡುಗನಾಗಿದ್ದಾಗ ಬರೀತಿದ್ದ ಸ್ಲೇಟು. ಈಗ ಯಾರಿಗೆ ಬರೀಲಿ? ನೀ ತಗೊ” ಎಂದರು. ಸಂಜೆಯ ಬಸ್ಸಿನವರೆಗೂ ಕೂರಿಸಿ ಕಲಿಸಿದರು. ಶಾಂತರಾಜು ಹೊಸದೇನೂ ಬರೆಯಲಿಲ್ಲ, ಮೊದಲ ಕಾಗದವನ್ನೇ ಮತ್ತೆ ಬರೆದ. ಈ ಸಲ ಬಲದಿಂದ ಎಡಕ್ಕೆ.

ಮೇಷ್ಟ್ರು ಹಾಳೆ ಮಗುಚಿ ಬೆರಳಾಡಿಸಿ ಗಟ್ಟಿಯಾಗಿ ಓದಿದರು. “ಶಂಕರಾ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಂದೆ. ತಪ್ಪಾಯಿತು. ಅಪ್ಪ.” ಓದಿ ಹಾಳೆಯನ್ನು ಮೆಲ್ಲಗೆ ಕೆಳಗಿಟ್ಟರು.

“ನನ್ನೂ ನಮ್ಮಪ್ಪ ಹಿಂಗೇ ಬಿಟ್ಟು ಬಂದಿದ್ರು” ಎಂದರು. “ಕಾಗ್ದ ಬರೀಲಿಲ್ಲ, ಅಷ್ಟೆ.”

ಸೋಮವಾರ ಬೆಳಿಗ್ಗೆ ಕ್ವಾರಿಗೆ ಹೋಗುವ ಮೊದಲೇ ಆ ಕಾಗದ ಮಹದೇವಸ್ವಾಮಿಯ ಕೈ ಸೇರಿತು.

ಗುರುವಾರ ಸಂಜೆ ಮಹದೇವಸ್ವಾಮಿ ತಾವೇ ಬೈಕಿನಲ್ಲಿ ಮನೆಯ ಮುಂದೆ ಬಂದು ನಿಂತರು. ಕೈಯಲ್ಲಿ ಧಾರವಾಡದಿಂದ ಬಂದ ಕವರು. ಶಾಂತರಾಜುವಿನ ಕಾಗದ ಇನ್ನೂ ದಾರಿಯಲ್ಲಿರುವಾಗಲೇ ಇದು ಆ ಕಡೆಯಿಂದ ಹೊರಟು ಬಂದಿತ್ತು. ಒಳಗೆ ದಪ್ಪ ಹಾಳೆ, ಹಾಳೆಯ ತುಂಬ ಚುಕ್ಕಿ. ಶಂಕರನದೇ.

ಶಾಂತರಾಜು ಕೈ ತೊಳೆದು ಬಂದು ಜಗಲಿಯ ಮೇಲೆ ರಟ್ಟು ಹರಡಿಕೊಂಡು ಕೂತ. ಮೇಷ್ಟ್ರು ಕಲಿಸಿದ ಹಾಗೆ ಉಬ್ಬಿರುವ ಕಡೆಯನ್ನು ಮೇಲಕ್ಕೆ ಮಾಡಿ, ಒಂದೊಂದೇ ಅಕ್ಷರವನ್ನು ರಟ್ಟಿಗೆ ಹೋಲಿಸಿ, ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ನಿನಿಂದ ಬರೆದುಕೊಳ್ಳುತ್ತ ಹೋದ. ಕುಮಾರಿ ಬಾಗಿಲಲ್ಲಿ ನಿಂತಳು. ಮಲ್ಲಾಜಮ್ಮ ಕಂಬಕ್ಕೆ ಒರಗಿದಳು. ಮಹದೇವಸ್ವಾಮಿಯೂ ಹೋಗಲಿಲ್ಲ. ಎರಡು ಸಾಲು ಮುಗಿದರೂ ಒಂದು ಪದ ಕೂಡಲಿಲ್ಲ. ಏನೇನೋ ಅಕ್ಷರ, ತಲೆಬುಡವಿಲ್ಲ.

“ಏನಂತೆ?” ಎಂದಳು ಕುಮಾರಿ.

“ಏನೂ ಆಯ್ತಾ ಇಲ್ಲ ಕಣಮ್ಮಿ. ಮೊಗೀಗೆ ಇನ್ನೂ ಅಕ್ಸರನೇ ಬಂದಿಲ್ವೇನೋ.”

ಕುಮಾರಿ ಸೆರಗಿನಿಂದ ಮೂಗೊರೆಸಿಕೊಂಡಳು. ಶಾಂತರಾಜು ಹಾಳೆಯನ್ನು ಕವರಿನ ಒಳಕ್ಕೆ ಇಡಲೆಂದು ಮಗುಚಿದ. ಇಳಿಬಿಸಿಲು ಓರೆಯಾಗಿ ಬಿದ್ದು ಆ ಕಡೆಯ ಕುಳಿಗಳು ಎದ್ದು ಕಂಡವು. ಹದಿನಾರು ವರ್ಷ ಕುಳಿಯ ಸಾಲನ್ನೇ ನೋಡಿದ ಕಣ್ಣು, ಸುಮ್ಮನೆ ಮೊದಲ ಸಾಲಿನ ತುದಿಗೆ ಹೋಯಿತು. ಎಡಗಡೆ, ಮೇಲೆ, ಒಂದೇ ಒಂದು ಚುಕ್ಕಿ. ಅದು ಅ. ಮುಂದಿನದು ನೋಡಿದ. ಅದರ ಮುಂದಿನದು ನೋಡಿದ. ರಟ್ಟು ಬೇಕಾಗಲೇ ಇಲ್ಲ.

“ಅಪ್ಪಾ ಅಂತ ಅದೆ” ಎಂದ. ದನಿ ಒಡೆದಿತ್ತು.

ಒಂದು ಗಂಟೆ ಹಿಡಿಯಿತು. ಎಲ್ಲರೂ ನಿಂತೇ ಕೇಳಿದರು.

‘ಅಪ್ಪಾ, ನಿನ್ನ ಎಂಟು ಕಾಗದವೂ ಬಂದಿವೆ. ಮೊದಲನೆಯದು ಯಾರಿಗೂ ಓದಲು ಬರಲಿಲ್ಲ. ದೊಡ್ಡ ಹುಡುಗರಿಗೂ ಬರಲಿಲ್ಲ. ಚುಕ್ಕಿ ಸುಮ್ಮನೆ ಚುಚ್ಚಿದ್ದಾರೆ ಅಂದರು. ನಮ್ಮಪ್ಪ ಸುಮ್ಮನೆ ಚುಚ್ಚುವುದಿಲ್ಲ ಅಂತ ನನಗೆ ಗೊತ್ತು. ನೀನು ಕುಳಿ ಹೊಡೆಯುವವನು. ಅದಕ್ಕೆ ಕುಳಿ ಕಡೆಯಿಂದ ಮುಟ್ಟಿದೆ. ಎಲ್ಲ ಸಿಕ್ಕಿತು. ಸರ್ ನಿನಗೆ ಸರಿಯಾಗಿ ಬರೆಯಲು ಹೇಳುತ್ತೇನೆ ಅಂದರು. ನಾನೇ ಬೇಡ ಅಂದೆ. ಬೇರೆ ಹುಡುಗರ ಕಾಗದ ಎಲ್ಲರೂ ಮುಟ್ಟಿ ಓದಿಬಿಡುತ್ತಾರೆ. ನಿನ್ನ ಕಾಗದ ನನಗೊಬ್ಬನಿಗೇ. ಸಿಟ್ಟು ಮೂರನೇ ಕಾಗದಕ್ಕೇ ಹೋಯಿತು. ಫೋನಿನಲ್ಲಿ ಮಾತಾಡಿದರೆ ನೀನು ಬರೆಯುವುದು ನಿಲ್ಲಿಸುತ್ತೀಯ ಅಂತ ಮಾತಾಡಲಿಲ್ಲ. ತಪ್ಪಾಯಿತು ಅಂತ ಎಂಟು ಸಲ ಬರೆದಿದ್ದೀಯ. ಸಾಕು. ನಿನಗೆ ಓದಲು ಬರಲಿ ಅಂತ ನಾನೂ ಕುಳಿಯಲ್ಲೇ ಬರೆದಿದ್ದೇನೆ. ಕಷ್ಟ ಆಯಿತು. ಕರುವಿಗೆ ಏನು ಹೆಸರಿಟ್ಟಿರಿ? ಶಂಕರ.’

ಮಲ್ಲಾಜಮ್ಮ ಮಾದಪ್ಪನ ಬೆಟ್ಟದ ದಿಕ್ಕಿಗೆ ತಿರುಗಿ ಕೈ ಮುಗಿದಳು. ಶಾಂತರಾಜುವಿಗೆ ಯಾರಿಗೆ ಕೈ ಮುಗಿಯಬೇಕೆಂದೇ ತೋಚಲಿಲ್ಲ. ರಟ್ಟು ಕೊಟ್ಟವರಿಗೋ, ಕ್ಯಾಲೆಂಡರ್ ಕೊಟ್ಟವರಿಗೋ, ಸ್ಲೇಟು ಕೊಟ್ಟವರಿಗೋ, ಇಲ್ಲ ಅಪ್ಪನ ಕಸುಬು ನೆನಪಿಟ್ಟುಕೊಂಡು ಅಪ್ಪನ ತಪ್ಪಿನೊಳಗಿಂದಲೇ ಅಪ್ಪನನ್ನು ಓದಿದ ಆ ಒಂಬತ್ತು ವರ್ಷದ ಬೆರಳಿಗೋ. ಕಡೆಗೆ ಎದುರಿಗೇ ನಿಂತಿದ್ದ ಮಹದೇವಸ್ವಾಮಿಗೆ ಮುಗಿದ. ಅವರು “ನಂಗ್ಯಾಕಯ್ಯ, ಬುಡು ಬುಡು” ಎನ್ನುತ್ತ ಬ್ಯಾಗು ಎತ್ತಿಕೊಂಡರು.

ಅಷ್ಟರಲ್ಲಿ ಶಾಂತರಾಜು ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ. “ಅಯ್ಯೋ! ಸೋಮಾರ ಆಕಿದ್ನಲ್ಲ ಸಾ, ಒಂಬತ್ತನೇದು! ಅದ ಸರಿಯಾಗಿ ಬರ್ದ್ಬುಟ್ನಲ್ಲ!”

ಭಾನುವಾರ ಹತ್ತಕ್ಕೆ ಫೋನು ಬಂತು. ಕುಮಾರಿ ಎತ್ತಿದಳು, ಒಂದು ಮಾತು ಕೇಳಿ, ಕಣ್ಣರಳಿಸಿ ಗಂಡನ ಕಡೆ ಚಾಚಿದಳು. “ನಿಮ್ಮನ್ನೇ ಕೇಳ್ತಾನೆ.”

ಶಾಂತರಾಜು ಎರಡು ಕೈಯಲ್ಲಿ ಫೋನು ಹಿಡಿದ.

“ಅಪ್ಪಾ, ಯಾಕ್ ಎಲ್ಲಾರಂಗೆ ಬರ್ದ್ಬುಟ್ಟೆ?” ನಾಲ್ಕು ತಿಂಗಳ ಮೇಲೆ ಕೇಳಿದ ಮೊದಲ ಮಾತೇ ತಕರಾರು. “ಇಡೀ ಹಾಸ್ಟೆಲ್ ಓದ್ಬುಡ್ತು. ಚಪ್ಪಲಿ ಇಸ್ಯ ಎಲ್ಲಾರ್ಗೂ ಗೊತ್ತಾಗ್ಬುಡ್ತು.”

“ತಪ್ಪಾಯ್ತು ಕಣ್ಲಾ” ಎಂದ ಶಾಂತರಾಜು, ನಗುತ್ತಲೋ ಅಳುತ್ತಲೋ.

“ಮತ್ತ ಅದನ್ನೇ ಅಂತೀಯಲ್ಲ! ಇನ್ಮ್ಯಾಕೆ ಕುಳೀಲೇ ಬರಿ, ಹೌದಿಲ್ಲೋ?”

ದಸರಾ ರಜಕ್ಕೆ ಬಂದ ಶಂಕರ ಹದಿನೈದು ದಿನ ಮನೆಯಲ್ಲಿದ್ದ. ಅಜ್ಜಿಗೆ ‘ಹೌದ್ರಿ’, ‘ಇಲ್ರಿ’ ಎಂದು ಧಾರವಾಡದ ಮಾತಾಡಿ, ಇದ್ಯಾವ ಸೀಮೆಯ ಮೊಗ ಎಂದು ಅವಳನ್ನು ಕಂಗಾಲು ಮಾಡಿದ. ಅಪ್ಪನ ಜೊತೆ ಗುಂಡ್ಲುಪೇಟೆಗೆ ಹೋಗಿ ಶಂಭುಲಿಂಗಪ್ಪ ಮೇಷ್ಟ್ರ ಕಾಲು ಹುಡುಕಿ ಮುಟ್ಟಿದ. ಅಪ್ಪನ ಹಳೇ ಕಾಗದವೊಂದನ್ನು ಅವರ ಕೈಗೆ ಕೊಟ್ಟು ಕುಳಿ ಕಡೆಯಿಂದ ಓದುವುದನ್ನು ಕಲಿಸಿಯೂ ಕೊಟ್ಟ. ಎಪ್ಪತ್ತು ದಾಟಿದ ಮೇಷ್ಟ್ರು ಹುಡುಗನ ಬೆರಳು ಹೋದಲ್ಲಿ ಬೆರಳಿಟ್ಟು, ಕೆಂದ ಹಸು ಕರು ಹಾಕಿದ ಸುದ್ದಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ, ಬಹಳ ಹೊತ್ತು ನಕ್ಕರು.

ಹೊರಡುವ ಹಿಂದಿನ ದಿನ ಕುಮಾರಿ ಮಗನನ್ನು ಮುಂದೆ ಕೂರಿಸಿಕೊಂಡು ನೇರವಾಗಿ ಕೇಳಿದಳು. “ಓಯ್ತೀಯೇನ್ಲಾ? ಬ್ಯಾಡ ಅಂದ್ರೆ ಬ್ಯಾಡ. ಯಾರೂ ಏನೂ ಅನ್ನಕಿಲ್ಲ.”

“ಓಯ್ತೀನಿ” ಎಂದ ಶಂಕರ. “ಆದ್ರೆ ಅಪ್ಪ ಚಪ್ಪಲಿ ಆಕ್ಕಂಡೇ ಬರ್ಬೇಕು.”

ಕುಮಾರಿ ಹಬ್ಬಕ್ಕೆ ಗಂಡನಿಗೆ ಹೊಸ ಚಪ್ಪಲಿ ತಂದಿಟ್ಟಿದ್ದಳು. ಅದನ್ನು ಎತ್ತಿ ಅಟ್ಟದ ಮೇಲೆ ಇಟ್ಟು, ಹಳೆಯದರ ಸಡಿಲವಾಗಿದ್ದ ತಂತಿಯನ್ನು ತಾನೇ ಕೂತು ಬಿಗಿದಳು.

ಶಾಲೆಯ ಪಡಸಾಲೆಯಲ್ಲಿ ಶಂಕರ ಮೊದಲನೇ ಕಂಬ ಹಿಡಿದು ನಿಂತ. ಶಾಂತರಾಜು ಮಗನ ತಲೆ ಸವರಿದ. “ಓಗ್ಬತ್ತೀನಿ ಕಣ್ಲಾ” ಎಂದ, ಗಟ್ಟಿಯಾಗಿ, ವಾರ್ಡನ್ನಿಗೂ ಕೇಳಲಿ ಎಂದು. ಮೆಟ್ಟಿಲಿಳಿದ. ಟಪ್, ಸರ್. ಟಪ್, ಸರ್. ಹಿಂದೆ ತಿರುಗಿ ನೋಡಿದ. ಹುಡುಗ ಕುತ್ತಿಗೆ ಒಂದಿಷ್ಟು ಓರೆ ಮಾಡಿ, ಒಂದೊಂದು ಹೆಜ್ಜೆಯನ್ನೂ ಕೇಳಿಸಿಕೊಳ್ಳುತ್ತ ನಿಂತಿದ್ದ. ಅಂಗಳ ದಾಟಿದ. ಗೇಟಿನ ಹತ್ತಿರ ಬರುವಷ್ಟರಲ್ಲಿ ಕಾಲು ತಾನಾಗಿ ನಿಂತಿತು.

ಪಡಸಾಲೆಯಿಂದ ಕೂಗು ಬಂತು.

“ಯಾಕಪ್ಪಾ ನಿಂತ್ಕಂಡೆ? ನಡಿ, ಬಸ್ಸು ಓಗ್ಬುಡ್ತದೆ!”

ಶಾಂತರಾಜು ಕಣ್ಣೊರೆಸಿಕೊಂಡು, ಎಡಗಾಲನ್ನು ಬೇಕೆಂದೇ ಇನ್ನಷ್ಟು ಎಳೆದು ಹಾಕುತ್ತ, ರಸ್ತೆಯ ತಿರುವಿನವರೆಗೂ ನಡೆದ.